ಮಿಸಿಸಾಗದಲ್ಲಿ ಪುಟ್ಟಿ ಬರೆದ ಎರಡು ಪುಟ ಕನ್ನಡ

ಆಗಸ್ಟ್ ಕೊನೆಯ ವಾರ ಟೊರಾಂಟೊದ ಪಿಯರ್ಸನ್ ಏರ್‌ಪೋರ್ಟಿನಲ್ಲಿ ಇಳಿದಾಗ ನನ್ನ ಸೂಟ್‌ಕೇಸಿನ ಅರ್ಧ ಭಾಗ ನನ್ನದಾಗಿರಲಿಲ್ಲ. ಅಕ್ಕನಿಗೆಂದು ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಅದರಲ್ಲಿ ತುಂಬಿತ್ತು. ಆಫೀಸಿನ ಕೆಲಸದ ಮೇಲೆ ಹತ್ತು ವಾರ ಅಲ್ಲಿರಬೇಕಿತ್ತು. ಏರ್‌ಪೋರ್ಟ್ ಹೆಸರಿಗೆ ಟೊರಾಂಟೊದ್ದು, ಇರುವುದು ಹೆಚ್ಚಾಗಿ ಪಕ್ಕದ ಮಿಸಿಸಾಗದಲ್ಲಿ. ಅಕ್ಕನ ಮನೆಯೂ ಅದೇ ಊರಲ್ಲಿ, ಹಾಗಾಗಿ ಹೋಟೆಲ್ ಬೇಡ ಅಂದುಬಿಟ್ಟೆ.

ಊರಿನ ಬೆನ್ನೆಲುಬು ಹುರೊಂಟಾರಿಯೊ ಸ್ಟ್ರೀಟ್. ದಕ್ಷಿಣದಲ್ಲಿ ಒಂಟಾರಿಯೊ ಸರೋವರದ ದಡದಿಂದ ಹೊರಟು ಸೀದಾ ಉತ್ತರಕ್ಕೆ ಹೋಗುತ್ತದೆ. ನಾನು ಹೋದಾಗ ಅದರ ಉದ್ದಕ್ಕೂ ರೈಲು ಟ್ರ್ಯಾಕಿನ ಕೆಲಸ ನಡೆದಿತ್ತು. ಬ್ಯಾರಿಕೇಡ್, ಡೈವರ್ಷನ್, ಆಮೆ ಟ್ರಾಫಿಕ್. ನಮ್ಮ ಔಟರ್ ರಿಂಗ್ ರೋಡ್ ಬಿಟ್ಟು ಬಂದ ಹಾಗೇ ಅನ್ನಿಸಲಿಲ್ಲ. ಬಸ್ಸಿನಲ್ಲಿ ಪಂಜಾಬಿ, ಉರ್ದು, ಅರೇಬಿಕ್ ಎಲ್ಲ ಕಿವಿಗೆ ಬೀಳುತ್ತಿತ್ತು. ಇಂಗ್ಲಿಷ್ ಊರಿಗೆ ಬಂದಿದ್ದೀನಿ ಅಂದುಕೊಂಡವನಿಗೆ ಇದು ಮೊದಲ ಪಾಠ.

ಆದರೆ ಅಕ್ಕನ ಮನೆಯಲ್ಲಿ ಇಂಗ್ಲಿಷಿನದೇ ಚಿಂತೆ. ಭಾವನಿಗೆ ವರ್ಕ್ ಪರ್ಮಿಟ್ ಸಿಕ್ಕಿ ಆರು ತಿಂಗಳಾಗಿತ್ತು. ಅಕ್ಕ ಮತ್ತು ಪುಟ್ಟಿ ಜುಲೈನಲ್ಲಷ್ಟೇ ಬಂದಿದ್ದರು. ಪುಟ್ಟಿ ನಮ್ಮ ತಿಪಟೂರಿನಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಎರಡು ವರ್ಷ ಇಂಗ್ಲಿಷ್ ಮೀಡಿಯಂ. ಪ್ರತಿಭಾ ಕಾರಂಜಿಯಲ್ಲಿ ಕನ್ನಡ ಪ್ರಬಂಧಕ್ಕೆ ತಾಲ್ಲೂಕಿಗೇ ಫಸ್ಟ್ ಬಂದವಳು. ಇಲ್ಲಿಗೆ ಬಂದಮೇಲೆ ಮನೆಯ ಹೊರಗೆ ಬಾಯೇ ಬಿಡುತ್ತಿರಲಿಲ್ಲ.

ಬೆಂಗಳೂರಿನ ಒಂದು ಕೋಚಿಂಗ್ ಸೆಂಟರಿನವರು, “ಕೆನಡಾ ಸ್ಕೂಲಿಗೆ ಐಇಎಲ್‌ಟಿಎಸ್ ಕಂಪಲ್ಸರಿ” ಅಂತ ಹೇಳಿ ಅಕ್ಕನ ಹತ್ತಿರ ದುಡ್ಡು ಕಟ್ಟಿಸಿಕೊಂಡಿದ್ದರು. ಹದಿನಾಲ್ಕು ವರ್ಷದ ಹುಡುಗಿ ಎರಡು ತಿಂಗಳು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದ್ದಳು. ನಿಜ ಏನೆಂದರೆ, ಹೈಸ್ಕೂಲಿಗೆ ಬರುವ ಮಕ್ಕಳ ಸ್ಟಡಿ ಪರ್ಮಿಟ್‌ಗೆ ಕೆನಡಾ ಸರ್ಕಾರ ಇಂಗ್ಲಿಷ್ ಪರೀಕ್ಷೆ ಕೇಳುವುದಿಲ್ಲ. ಕೆಲವು ಖಾಸಗಿ ಶಾಲೆಗಳು ಡ್ಯುಯೊಲಿಂಗೊ ಅಥವಾ ಟೋಫೆಲ್ ಜೂನಿಯರ್ ಸ್ಕೋರ್ ಕೇಳುತ್ತವೆ, ಅದು ಆಯಾ ಶಾಲೆಯ ನಿಯಮ. ಐಇಎಲ್‌ಟಿಎಸ್ ಅನ್ನು 16 ವರ್ಷದೊಳಗಿನವರಿಗೆ ಅದನ್ನು ನಡೆಸುವವರೇ ಶಿಫಾರಸು ಮಾಡುವುದಿಲ್ಲ. ಬರೆದರೂ ಸ್ಕೋರಿನ ಆಯಸ್ಸು ಎರಡೇ ವರ್ಷ. ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ ಅದು ಮುಗಿದಿರುತ್ತದೆ.

ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆ ಇರುವುದು ಬಂದಮೇಲೆ. ಅದೂ ಪಾಸು-ಫೇಲಿನದಲ್ಲ. ಮಗುವನ್ನು ಎಲ್ಲಿಂದ ಶುರು ಮಾಡಿಸಬೇಕು ಅಂತ ನೋಡುವುದು. ಅದಕ್ಕೆ ಮೊದಲು ಒಂದು ಫಾರ್ಮ್ ತುಂಬಬೇಕು. ಅದರಲ್ಲೊಂದು ಖಾನೆ: ಮನೆಯಲ್ಲಿ ಮಾತಾಡುವ ಭಾಷೆ, ಮಗು ಮೊದಲು ಕಲಿತ ಭಾಷೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ರಾತ್ರಿ ಊಟವಾದ ಮೇಲೆ ಭಾವ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, “ನೀನೇ ತುಂಬಪ್ಪ, ನಿಂಗೆ ಇವೆಲ್ಲ ಗೊತ್ತಾಗತ್ತೆ” ಅಂದರು. ಆ ಖಾನೆ ಬಂದಾಗ ನಾನು ‘ಇಂಗ್ಲಿಷ್’ ಅಂತ ಹಾಕಿದೆ.

“ಕನ್ನಡ ಅಂತ ಹಾಕಿದ್ರೆ ಇಎಸ್‌ಎಲ್ ಕ್ಲಾಸಿಗೆ ತಳ್ತಾರೆ ಭಾವ. ಒಂದು ವರ್ಷ ವೇಸ್ಟು. ಸಿಸ್ಟಮ್‌ಗೆ ಯಾವ ಇನ್‌ಪುಟ್ ಬೇಕೋ ಅದನ್ನ ಕೊಟ್ಬಿಡೋಣ.”

ಅಕ್ಕ ತಲೆಯಾಡಿಸಿದಳು. ಪುಟ್ಟಿ ಮಾತ್ರ ಸ್ಕ್ರೀನ್ ನೋಡಿ ಕೇಳಿದಳು, “ಮಾಮ, ನಾವು ಮನೇಲಿ ಇಂಗ್ಲಿಷ್ ಮಾತಾಡ್ತೀವಾ? ನಾಳೆ ಅವರು ನನ್ನ ಕೇಳಿದ್ರೆ ಏನಂತ ಹೇಳ್ಲಿ?”

ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಂಗೆ ಮೈಸೂರಿನ ನನ್ನ ಇಂಜಿನಿಯರಿಂಗ್ ಫಸ್ಟ್ ಇಯರ್ ನೆನಪಾಯಿತು. ನಾನೂ ಕನ್ನಡ ಮೀಡಿಯಂನಿಂದ ಹೋದವನು. ಮೊದಲ ವೈವಾದಲ್ಲಿ ಸುಮ್ಮನೆ ನಿಂತಿದ್ದೆ. ಉತ್ತರ ಗೊತ್ತಿತ್ತು, ವಾಕ್ಯ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲ ಅರ್ಥವಾಗುವವನ ಹಾಗೆ ಒಂದು ವರ್ಷ ತಲೆಯಾಡಿಸಿಕೊಂಡೇ ಕಳೆದೆ, ಎರಡು ಸಬ್ಜೆಕ್ಟ್ ಉಳಿಸಿಕೊಂಡೆ. ಈಗ ಪುಟ್ಟಿಗೂ ಅದನ್ನೇ ಹೇಳಿಕೊಡುತ್ತಿದ್ದೆ. ಬ್ಯಾಕ್‌ಸ್ಪೇಸ್ ಒತ್ತಿ ‘ಕನ್ನಡ’ ಅಂತ ಟೈಪ್ ಮಾಡಿದೆ.

ಎರಡು ದಿನ ಬಿಟ್ಟು ಶಾಲಾ ಮಂಡಳಿಯ ಅಸೆಸ್‌ಮೆಂಟ್ ಸೆಂಟರಿಗೆ ಹೋದೆವು. ಕಾಯುವ ಕೋಣೆಯಲ್ಲಿ ಒಂದು ಸಿರಿಯನ್ ಕುಟುಂಬ ಕೂತಿತ್ತು. ಅಪ್ಪ-ಅಮ್ಮನನ್ನು ಬಿಟ್ಟು ಒಬ್ಬನೇ ಬಂದ ವಿಯೆಟ್ನಾಂ ಹುಡುಗನೊಬ್ಬನಿದ್ದ. ಅವನು ಫೀಸು ಕಟ್ಟಿ ಓದುವ ಅಂತಾರಾಷ್ಟ್ರೀಯ ವಿದ್ಯಾರ್ಥಿ, ಜೊತೆಗೆ ಅವನ ಇಲ್ಲಿಯ ಕಸ್ಟೋಡಿಯನ್. ಒಬ್ಬೊಬ್ಬರೂ ಒಂದೊಂದು ದಾರಿಯಲ್ಲಿ ಬಂದವರು. ಒಳಗೆ ಎಲ್ಲರಿಗೂ ಅದೇ ಮಾತುಕತೆ, ಓದು, ಬರವಣಿಗೆ, ಗಣಿತ.

ಪುಟ್ಟಿ ಹೊರಗೆ ಬಂದಾಗ ಎರಡು ಗಂಟೆಯಾಗಿತ್ತು. ಮುಖ ಅರಳಿತ್ತು. “ಮಾಮ, ಕನ್ನಡದಲ್ಲಿ ಬರಿ ಅಂದ್ರು! ಎರಡು ಪುಟ ಬರೆದೆ. ನಮ್ಮ ತೆಂಗಿನ ತೋಟದ್ದು, ಅಜ್ಜ ಕೊಬ್ಬರಿ ಒಣಗಿಸೋದು.”

ನನಗೆ ನಂಬಿಕೆ ಬರಲಿಲ್ಲ. ಆ ಟೀಚರಮ್ಮನಿಗೆ ಕನ್ನಡದ ಒಂದಕ್ಷರವೂ ಬಾರದು. ಮತ್ತೆ ಏನು ನೋಡುತ್ತಾರೆ? ಅವರನ್ನೇ ಕೇಳಿದೆ. ಪೆನ್ನು ಎಷ್ಟು ಸಲೀಸಾಗಿ ಓಡುತ್ತದೆ, ಪ್ಯಾರಾ ಮಾಡಿದ್ದಾಳಾ, ಬರೆದದ್ದನ್ನು ಓದಿ ತಾನೇ ತಿದ್ದಿದ್ದಾಳಾ ಎಂದು ನೋಡುತ್ತಾರಂತೆ. ಒಂದು ಭಾಷೆಯಲ್ಲಿ ಬರೆಯುವುದು ಬಂದವರಿಗೆ ಬೇಕಾಗಿರುವುದು ಇಂಗ್ಲಿಷ್ ಮಾತ್ರ, ಅದಕ್ಕೆ ಇಎಸ್‌ಎಲ್. ಯುದ್ಧವೋ ಬಡತನವೋ ಶಾಲೆಯನ್ನೇ ತಪ್ಪಿಸಿದ ಮಕ್ಕಳಿಗೆ ಇಎಲ್‌ಡಿ ಅಂತ ಬೇರೆಯೇ ವ್ಯವಸ್ಥೆ, ಅಲ್ಲಿ ಓದು-ಬರಹವನ್ನೂ ಮೊದಲಿನಿಂದ ಕಟ್ಟಬೇಕು. ನಾನು ಮುಚ್ಚಿಡಲು ಹೊರಟಿದ್ದ ಕನ್ನಡವೇ ಪುಟ್ಟಿಯ ಪರವಾಗಿ ಸಾಕ್ಷಿ ಹೇಳಿತ್ತು.

ಒಂಟಾರಿಯೊದ ಹೈಸ್ಕೂಲಿನಲ್ಲಿ ಇಎಸ್‌ಎಲ್‌ಗೆ ‘ಎ’ಯಿಂದ ‘ಇ’ವರೆಗೆ ಐದು ಮೆಟ್ಟಿಲು. ಪುಟ್ಟಿಗೆ ಮೂರನೆಯದು, ‘ಸಿ’. ಗಣಿತ ಮಾತ್ರ ಎಲ್ಲರ ಜೊತೆ ಹತ್ತನೇ ತರಗತಿಯದೇ. ಕಾರಿನಲ್ಲಿ ಅಕ್ಕ ಕಣ್ಣೊರೆಸಿಕೊಂಡಳು. “ಒಂದು ವರ್ಷ ಹೋಯ್ತಲ್ಲೋ” ಅಂದಳು. ಹೋಗಿರಲಿಲ್ಲ. ಡಿಪ್ಲೊಮಾಕ್ಕೆ 30 ಕ್ರೆಡಿಟ್ ಬೇಕು. ಅದರಲ್ಲಿ ಇಂಗ್ಲಿಷಿನವು ನಾಲ್ಕು. ಆ ನಾಲ್ಕರಲ್ಲಿ ಮೂರರವರೆಗೆ ಇಎಸ್‌ಎಲ್ ಕ್ರೆಡಿಟ್‌ಗಳನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಕೊನೆಯದು ಮಾತ್ರ ಹನ್ನೆರಡನೇ ತರಗತಿಯ ಇಂಗ್ಲಿಷೇ ಆಗಬೇಕು. ಹತ್ತನೇ ತರಗತಿಯಲ್ಲಿ ಎಲ್ಲರೂ ಬರೆಯುವ ಸಾಕ್ಷರತಾ ಪರೀಕ್ಷೆಯನ್ನೂ ಭಾಷೆ ಇನ್ನೂ ಕಲಿಯುತ್ತಿರುವವರು ಮುಂದೂಡಿಕೊಳ್ಳಬಹುದು. ಒಂದು ಎಚ್ಚರಿಕೆ: ಇಲ್ಲಿ ಕೆಲವೇ ವರ್ಷ ಓದಿದವರಿಗೆ ಅನೇಕ ವಿಶ್ವವಿದ್ಯಾಲಯಗಳು ಮುಂದೆ ಐಇಎಲ್‌ಟಿಎಸ್ ತರಹದ ಸ್ಕೋರ್ ಕೇಳುತ್ತವೆ. ಅದರ ತಯಾರಿ ಬೇಕಾಗುವುದು ಆಗ.

ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ. ಮರುದಿನ ಶಾಲೆ ಶುರು. ಮೊದಲೆರಡು ವಾರ ಅವಳು ಊಟದ ಡಬ್ಬಿಯನ್ನು ತುಂಬಿದ್ದ ಹಾಗೇ ವಾಪಸ್ ತರುತ್ತಿದ್ದಳು. ಕ್ಯಾಂಟೀನಿನಲ್ಲಿ ಯಾರ ಪಕ್ಕ ಕೂರುವುದು ಅಂತ ಗೊತ್ತಾಗದೆ ಲೈಬ್ರರಿಗೆ ಹೋಗಿಬಿಡುತ್ತಿದ್ದಳಂತೆ. ಅದಕ್ಕೆ ಯಾವ ಪ್ಲೇಸ್‌ಮೆಂಟ್ ಟೆಸ್ಟಿನಲ್ಲೂ ಉತ್ತರವಿಲ್ಲ. ಮೂರನೇ ವಾರ ಡಬ್ಬಿ ಖಾಲಿ ಬಂತು. ಇಎಸ್‌ಎಲ್ ಕ್ಲಾಸಿನ ಒಬ್ಬ ಸಿರಿಯನ್ ಹುಡುಗಿಗೆ ಅಮ್ಮನ ಚಟ್ನಿಪುಡಿ ಹಿಡಿಸಿತ್ತು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಆದ್ದರಿಂದ ಇಬ್ಬರಿಗೂ ನಾಚಿಕೆ ಇಲ್ಲ.

ನಾನು ಹೊರಡುವ ಹಿಂದಿನ ಭಾನುವಾರ ಪೋರ್ಟ್ ಕ್ರೆಡಿಟ್‌ಗೆ ಹೋಗಿದ್ದೆವು. ಕ್ರೆಡಿಟ್ ನದಿ ಸರೋವರ ಸೇರುವ ಜಾಗ, ಕೆಂಪು-ಬಿಳಿಯ ಪುಟ್ಟ ಲೈಟ್‌ಹೌಸು. ಮೇಪಲ್ ಎಲೆಗಳು ಆಗಲೇ ಉದುರುತ್ತಿದ್ದವು. ಆಚೆ ದಡ ಕಾಣದಷ್ಟು ನೀರು. ಪುಟ್ಟಿ ಬೆಂಚಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಶಾಲೆಯಲ್ಲಿ ಮೊಬೈಲ್ ಇರಬೇಕೋ ಬೇಡವೋ, ಕಾರಣ ಕೊಟ್ಟು ಬರೆಯಬೇಕು. ಇಣುಕಿ ನೋಡಿದೆ. ಮಾರ್ಜಿನಿನಲ್ಲಿ ಕನ್ನಡದಲ್ಲಿ ಮೂರು ಕಾರಣ, ಪಕ್ಕದಲ್ಲಿ ನಿಧಾನವಾಗಿ ಬೆಳೆಯುತ್ತಿದ್ದ ಇಂಗ್ಲಿಷ್ ವಾಕ್ಯಗಳು. ಎರಡನೇ ಸಾಲಿನಲ್ಲೇ ಒಂದು ತಪ್ಪು ಕಂಡಿತು. ತಿದ್ದೋಣ ಅಂತ ಕೈ ಚಾಚಿದೆ.

“ಬಿಡು ಮಾಮ, ನಾನೇ ನೋಡ್ತೀನಿ” ಅಂದಳು.

ನಿಮ್ಮ ಮನೆಯಿಂದಲೂ ಯಾರಾದರೂ ಮಕ್ಕಳನ್ನು ಕರೆದುಕೊಂಡು ಹೊರದೇಶಕ್ಕೆ ಹೊರಟಿದ್ದರೆ, ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಆ ಶಾಲೆಗೇ ಒಂದು ಮೇಲ್ ಹಾಕಿ, ಏನು ಬೇಕು ಅಂತ ಕೇಳಿ. ಫಾರ್ಮಿನಲ್ಲಿ ಆ ಖಾನೆ ಬಂದಾಗ ನನ್ನ ಹಾಗೆ ಜಾಣತನ ಮಾಡಬೇಡಿ. ಕನ್ನಡ ಅಂತಲೇ ಬರೆಯಿರಿ.