ಅಮ್ಮನ ಮರೆವು, ನಮ್ಮ ಮರೆವು

ನವಲಗುಂದದ ನಮ್ಮ ಓಣಿಯಲ್ಲಿ ಅಮ್ಮ ನೇಯ್ದ ಜಮಖಾನವೆಂದರೆ ಹೆಸರಿತ್ತು. ಕಾಗದದ ಮೇಲೆ ಒಂದು ಗೆರೆಯನ್ನೂ ಬರೆದುಕೊಳ್ಳದೆ ಪಗಡೆಯ ಹಾಸು, ನವಿಲು ಎಲ್ಲವನ್ನೂ ನೆನಪಿನಿಂದಲೇ ಮಗ್ಗಕ್ಕೆ ಇಳಿಸುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ, ಉಂಡ ಕೈ ಆರುವ ಮೊದಲೇ, ‘ನನಗ ಯಾರೂ ಊಟಕ್ಕ ಕರೀಲಿಲ್ಲ’ ಎಂದು ಅತ್ತರು. ನಾವು ನಕ್ಕೆವು. ಅರವತ್ತಕ್ಕೆ ಅರಳು ಮರಳು ಎಂದು ಗಾದೆ ಹೇಳಿ ಸುಮ್ಮನಾದೆವು.

ಆ ಗಾದೆ ನಮ್ಮ ಎರಡು ವರ್ಷ ನುಂಗಿತು. ಒಂದು ನಸುಕಿನಲ್ಲಿ ಅಮ್ಮ ತವರಿಗೆಂದು ಹೊರಟು ಅಣ್ಣಿಗೇರಿ ರಸ್ತೆ ಹಿಡಿದಿದ್ದರು. ಪರಿಚಯದ ರೈತರೊಬ್ಬರು ಚಕ್ಕಡಿಯಲ್ಲಿ ಕೂರಿಸಿಕೊಂಡು ಮನೆಗೆ ತಂದರು. ಆಗಷ್ಟೇ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ದೆವು. ಇದು ಬರೀ ಮುಪ್ಪಲ್ಲ, ಡಿಮೆನ್ಶಿಯಾ ಎಂಬ ಮಿದುಳಿನ ತೊಂದರೆ, ಗುಣಪಡಿಸುವ ಔಷಧವಿಲ್ಲ, ಆರೈಕೆಯೇ ಮುಖ್ಯ ಎಂದು ತಿಳಿಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಇದರಿಂದ ಬಳಲುತ್ತಿದ್ದಾರೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಆರೈಕೆ ಮುಖ್ಯ, ಸರಿ. ಮಾಡಿದವರು ಯಾರು? ನಾವು ಮೂವರು ಗಂಡುಮಕ್ಕಳು. ಆದರೆ ರಾತ್ರಿ ನಾಲ್ಕು ಸಲ ಎದ್ದವಳು, ಒದ್ದೆ ಬಟ್ಟೆ ಬದಲಿಸಿದವಳು, ‘ನನ್ನ ಬಂಗಾರ ನೀನ ಕದ್ದಿ’ ಎಂಬ ಮಾತು ಕೇಳಿಸಿಕೊಂಡವಳು ಹಿರಿಯ ಸೊಸೆ. ನಾವು ಜುಮಾ ಖುತ್ಬಾದಲ್ಲಿ ಹೆತ್ತವರ ಸೇವೆಯ ಉಪದೇಶ ಕೇಳಿ ಕಣ್ಣು ಒರೆಸಿಕೊಂಡು ಬರುತ್ತಿದ್ದೆವು. ಮುಪ್ಪಿನ ತಾಯಿತಂದೆಯ ಎದುರು ಬೇಸರದ ಒಂದು ಉದ್ಗಾರವೂ ಬರಬಾರದೆಂದು ಕುರ್‌ಆನ್ 17ನೆಯ ಅಧ್ಯಾಯದಲ್ಲಿ ಆಜ್ಞಾಪಿಸಿರುವುದು ಮಕ್ಕಳಿಗೆ. ಅದನ್ನು ನಾವು ಸದ್ದಿಲ್ಲದೆ ಸೊಸೆಗೆ ದಾಟಿಸಿದ್ದೆವು. ಆಕೆ ಒಮ್ಮೆ ‘ಛೆ’ ಎಂದಾಗ ಗದರಿಸಿಯೂ ಇದ್ದೆವು. ಅಮ್ಮನದು ಕಾಯಿಲೆಯ ಮರೆವು. ನಮ್ಮದು ಅನುಕೂಲದ ಮರೆವು.

ಆಕೆ ಜ್ವರದಿಂದ ಮಲಗಿದ ಒಂದೇ ವಾರದಲ್ಲಿ ನಾವು ಸೋತುಹೋದೆವು. ಈಗ ರಾತ್ರಿಗಳನ್ನು ಮೂವರೂ ಪಾಳಿಯಂತೆ ಹಂಚಿಕೊಂಡಿದ್ದೇವೆ. ಅಮ್ಮನನ್ನು ತಿದ್ದುವುದನ್ನೂ ಅವರೊಂದಿಗೆ ವಾದಿಸುವುದನ್ನೂ ಬಿಟ್ಟಿದ್ದೇವೆ. ತವರಿಗೆ ಹೊರಟರೆ ‘ಚಾ ಕುಡದು ಹೋಗೂಣು’ ಎನ್ನುತ್ತೇವೆ. ಚಹಾ ಮುಗಿಯುವುದರೊಳಗೆ ತವರು ಮರೆತಿರುತ್ತದೆ.

ನಮ್ಮ ಹೆಸರುಗಳು ಅವರಿಗೆ ನೆನಪಿಲ್ಲ. ಆದರೆ ಮಗ್ಗದ ಮುಂದೆ ಕೂರಿಸಿ ಕೈಗೆ ಪಂಜಾ ಕೊಟ್ಟರೆ ಎಳೆಗಳನ್ನು ಹದವಾಗಿ ಬಡಿದು ಕೂರಿಸುತ್ತಾರೆ. ಕೈ ಕಲಿತದ್ದು ತಡವಾಗಿ ಅಳಿಸುತ್ತದಂತೆ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ, ಅವರಿಗಾಗಿ ದುಆ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ರಾತ್ರಿ ಏಳುವವರು ಯಾರು?