ಎತ್ತಿದ ಬೆರಳು

ಕ್ರಿಕೆಟ್ಟಿನಲ್ಲಿ ನನಗೆ ಅತಿ ಅನ್ಯಾಯ ಅನ್ನಿಸುವ ನಿಯಮ ಒಂದೇ: ಅಂಪೈರ್ ಹೇಳಿದ್ದೇ ಕಡೆಯ ಮಾತು. ನಾವು ಕಾಮರ್ಸಿನವರು. ಅಂಗಡಿ ಬಿಲ್ಲಿನ ಕೆಳಗೂ ‘ಭೂಲ್ ಚೂಕ್ ಲೇನಿ ದೇನಿ’ ಅಂತಿರುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳೋಣ ಅಂತ. ಎತ್ತಿದ ಬೆರಳಿಗೆ ಆ ಸಾಲು ಇಲ್ಲ.

ಅಂಪೈರ್ ತಾನೇ ಮನಸ್ಸು ಬದಲಿಸದಿದ್ದರೆ ಉಳಿಯುವ ದಾರಿ, ಎದುರು ನಾಯಕ ಅಪೀಲು ಹಿಂತೆಗೆದುಕೊಳ್ಳುವುದು. 1980ರ ಫೆಬ್ರವರಿಯಲ್ಲಿ, ವಾಂಖೆಡೆಯ ಗೋಲ್ಡನ್ ಜುಬಿಲಿ ಟೆಸ್ಟಿನಲ್ಲಿ, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಹಾಗೆ ಮಾಡಿದರು. ಇಂಗ್ಲೆಂಡಿನ ಐದು ವಿಕೆಟ್ 58ಕ್ಕೇ ಬಿದ್ದಿದ್ದವು. ಆಮೇಲೆ ಬಂದ ಬಾಬ್ ಟೇಲರ್‌ಗೆ ಕ್ಯಾಚ್ ಔಟ್ ಕೊಟ್ಟಾಗ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶಿ ವಾಪಸ್ ಕರೆದರು. ಟೇಲರ್–ಬೋಥಮ್ ಜೊತೆಯಾಟ 171 ರನ್ನಿಗೆ ಬೆಳೆಯಿತು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು.

ವಿಶಿಯ ದೊಡ್ಡತನವನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ಆದರೆ ನ್ಯಾಯ ಎದುರಾಳಿಯ ದೊಡ್ಡತನಕ್ಕೆ ಕಾದು ಕೂರಬೇಕೇ? ಅದರ ಖರ್ಚನ್ನೂ ಅವನೇ ಹೊರಬೇಕೇ?

ದೊಡ್ಡ ಪಂದ್ಯಗಳಿಗೆ ಈಗ ಡಿಆರ್‌ಎಸ್ ಬಂದಿದೆ. ನಮ್ಮ ಕಳವಾದ ಟೆನಿಸ್ ಬಾಲ್ ಮ್ಯಾಚಿಗೆ ಎಲ್ಲಿಂದ ಬರಬೇಕು? ಹೋದ ಸಲ ನಮ್ಮ ಹುಡುಗನೊಬ್ಬನಿಗೆ, ತೊಡೆಗೆ ತಾಗಿದ ಚೆಂಡಿಗೆ ಕ್ಯಾಚ್ ಔಟ್ ಕೊಟ್ಟರು. “ಬ್ಯಾಟಿಗೆ ತಾಗೇ ಇಲ್ಲ” ಅಂದ. ಯಾರು ಕೇಳ್ತಾರೆ? ಎದುರು ನಾಯಕ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ.

ಕ್ಯಾಮೆರಾ ಬೇಡ ಮಾರಾಯರೆ. ಇನಿಂಗ್ಸಿಗೊಂದು ಸಲ, “ಇಬ್ಬರೂ ಕೂಡಿ ಇನ್ನೊಮ್ಮೆ ಯೋಚಿಸಿ” ಅಂತ ಅಂಪೈರುಗಳನ್ನು ಕೇಳುವ ಹಕ್ಕು ಕೊಡಲಿ. ಅಷ್ಟು ಸಾಕು.