ಚೌಕಟ್ಟಿನ ಹೊರಗಿನ ಊರು

ಹಾಸನದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚ್ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿರುತ್ತದೆ. ನಾನು ತೆಗೆದ ಅದರ ಫೋಟೋ ನೋಡಿ ಗೆಳೆಯರೊಬ್ಬರು, “ಎಡಬಲದ ಖಾಲಿ ನೀರನ್ನು ಕತ್ತರಿಸಿ, ಕಮಾನುಗಳು ಎದ್ದು ಕಾಣಲಿ” ಎಂದರು. ನಿಜ, ಹಾಗೆ ಮಾಡಿದರೆ ಚಾವಣಿಯಿಲ್ಲದ ಗೋಡೆ, ಅದರ ಪ್ರತಿಬಿಂಬ ಬಹಳ ಚೆಂದ.

ಆದರೆ ಆ ನೀರು ಖಾಲಿಯಲ್ಲ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಜನ ಬಿಟ್ಟುಹೋದ ಹೊಲಮನೆಗಳು ಅದರಡಿಯಲ್ಲಿವೆ. 1979ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟು ಎಷ್ಟೋ ಗದ್ದೆಗಳಿಗೆ ನೀರುಣಿಸಿದ್ದೂ ಸತ್ಯವೇ. ನೀರನ್ನು ಕತ್ತರಿಸಿದರೆ ಉಳಿಯುವುದು ಸುಂದರವಾದೊಂದು ಪಾಳು ಕಟ್ಟಡ ಮಾತ್ರ. ಉಳಿಸಿಕೊಂಡರೆ, ಇಲ್ಲಿದ್ದವರು ಎಲ್ಲಿ ಹೋದರು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಮೇಲಿನ ಆಕಾಶವನ್ನಷ್ಟೇ ಒಂದಿಷ್ಟು ಕತ್ತರಿಸಿದೆ.